ನದಿಯ ಪಾಲು ನದಿಗೆ

ಅಮೆರಿಕದ ನದಿ ಎಂದೊಡನೆ ನಮಗೆ ನೆನಪಾಗುವುದು ಭೂಗೋಳದ ಪಾಠದಲ್ಲಿ ಓದಿದ ಮಿಸಿಸಿಪ್ಪಿ. ಅದರ ಉಪನದಿಯಾದ ಇಲಿನಾಯ್ ನದಿಯ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ. ಸುಮಾರು 440 ಕಿಲೋಮೀಟರ್ ಉದ್ದದ ಈ ನದಿ ಕಲಿಸುವ ಪಾಠ ಮಾತ್ರ ದೊಡ್ಡದು. ನೀರಿನ ಜಾಗವನ್ನು ಕಸಿದುಕೊಂಡ ಮನುಷ್ಯ ಅದನ್ನು ಹಿಂದಿರುಗಿಸಲು ಕಲಿಯಬೇಕು ಎಂಬುದೇ ಆ ಪಾಠವೆಂದು ನಾವು ಭಾವಿಸುತ್ತೇವೆ.

ಶಿಕಾಗೋ ನಗರದ ನೈರುತ್ಯಕ್ಕೆ ಡೆಸ್ ಪ್ಲೇನ್ಸ್ ಮತ್ತು ಕಂಕಕೀ ಎಂಬ ಎರಡು ನದಿಗಳು ಕೂಡಿ ಇಲಿನಾಯ್ ನದಿಯಾಗುತ್ತದೆ. ಮೇಲ್ಭಾಗದಲ್ಲಿ ಮರಳುಗಲ್ಲಿನ ಬಂಡೆಗಳಿಗೆ ಹೆಸರಾದ ಸ್ಟಾರ್ವ್ಡ್ ರಾಕ್ ಉದ್ಯಾನವಿದೆ. ಕೆಳಗೆ ಬಂದಂತೆ ನೆಲ ಸಮತಟ್ಟು. ಹಿಂದೆ ನೆರೆ ಬಂದಾಗ ನೀರು ದಡ ಮೀರಿ ಹರಡುತ್ತಿತ್ತು; ಇಳಿದ ಮೇಲೆ ಇಕ್ಕೆಲಗಳಲ್ಲಿ ಕೆರೆಗಳು ತುಂಬಿ ನಿಲ್ಲುತ್ತಿದ್ದವು. ಮೀನುಗಳು ಮೊಟ್ಟೆಯಿಟ್ಟು ಮರಿಮಾಡಲು ಈ ಕೆರೆಗಳೇ ತವರುಮನೆ. ಸ್ಟೀಫನ್ ಫೋರ್ಬ್ಸ್ ಎಂಬ ವಿಜ್ಞಾನಿ 1887ರಲ್ಲಿ ಇಂಥ ಕೆರೆಯನ್ನು ಒಂದು ಪುಟ್ಟ ಪ್ರಪಂಚವೆಂದು ಬಣ್ಣಿಸಿದರು. ಅಲ್ಲಿ ಒಂದು ಜೀವಿಗೆ ತಗಲಿದ್ದು ಎಲ್ಲಕ್ಕೂ ತಗಲುತ್ತದೆ ಎಂಬುದು ಅವರ ವಾದ. 1894ರಲ್ಲಿ ಹವಾನಾ ಎಂಬ ಪಟ್ಟಣದಲ್ಲಿ ನದಿಯ ಅಧ್ಯಯನಕ್ಕಾಗಿಯೇ ಒಂದು ಕೇಂದ್ರವೂ ಆರಂಭವಾಯಿತು.

ಆದರೆ ವಿವೇಕದ ಮಾತಿಗಿಂತ ಅವಸರದ ಕೆಲಸವೇ ಮುಂದಾಯಿತು. ಶಿಕಾಗೋದ ಜನ ಕುಡಿಯುತ್ತಿದ್ದ ಮಿಷಿಗನ್ ಸರೋವರಕ್ಕೇ ನಗರದ ಕೊಳೆಯೂ ಸೇರುತ್ತಿತ್ತು. 1900ರಲ್ಲಿ ಕಾಲುವೆ ತೋಡಿ ಶಿಕಾಗೋ ನದಿಯನ್ನು ಹಿಂದಕ್ಕೆ ಹರಿಯುವಂತೆ ಮಾಡಿದರು. ನಗರ ಉಳಿಯಿತು, ಕೊಳೆ ಇಲಿನಾಯ್ ನದಿಯ ಪಾಲಾಯಿತು! ಅಷ್ಟು ಸಾಲದೆಂಬಂತೆ ಏರಿಗಳನ್ನು ಕಟ್ಟಿ, ಪಂಪಿನಿಂದ ನೀರೆತ್ತಿ, ಕೆರೆಗಳನ್ನು ಜೋಳದ ಹೊಲಗಳನ್ನಾಗಿಸಿದರು. ಹವಾನಾ ಸಮೀಪದ ಪ್ರಸಿದ್ಧ ಥಾಮ್ಸನ್ ಕೆರೆಯೂ 1920ರ ಸುಮಾರಿಗೆ ಹೀಗೆಯೇ ಬತ್ತಿತು.

ಬೆಳೆ ತೆಗೆಯುವುದು ತಪ್ಪೇ ಎಂದು ಕೆಲವರು ಕೇಳಬಹುದು. ಖಂಡಿತ ತಪ್ಪಲ್ಲ. ಆದರೆ ಎಲ್ಲಿ ಬೆಳೆಯಬೇಕೆಂಬ ವಿಚಾರ ಬೇಡವೆ? ಹತ್ತಿರದ ಶಟಾಕ್ವಾ ಎಂಬಲ್ಲಿ ಹೀಗೆಯೇ ಏರಿ ಕಟ್ಟಿ ಮಾಡಿದ ಹೊಲಗಳನ್ನು ನೆರೆ ಉಳಿಯಗೊಡಲಿಲ್ಲ. ಕಡೆಗೆ 1936ರಲ್ಲಿ ಸರಕಾರ ಆ ನೆಲವನ್ನು ಪಕ್ಷಿಗಳಿಗೂ ವನ್ಯಜೀವಿಗಳಿಗೂ ಮೀಸಲಿಟ್ಟಿತು.

ಥಾಮ್ಸನ್ ಕೆರೆಯ ಕಥೆ ಇನ್ನೂ ಸಂತೋಷದ್ದು. 2000ದಲ್ಲಿ ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಅಲ್ಲಿನ ಸುಮಾರು 7,000 ಎಕರೆ ನೆಲವನ್ನು ಕೊಂಡಿತು. 2007ರಲ್ಲಿ ಪಂಪು ನಿಂತಿತು. ಮಳೆನೀರು, ಅಂತರ್ಜಲಗಳಿಂದಲೇ ಕೆರೆ ಮತ್ತೆ ತುಂಬಿತು. ಸ್ಥಳೀಯ ಜಾತಿಯ ಮೀನುಗಳನ್ನು ತಂದು ಬಿಟ್ಟರು. ಬಾತುಗಳ ಹಿಂಡು ಮರಳಿತು. ಗಾಳ ಹಿಡಿದ ಮೀನುಪ್ರಿಯರೂ ಬಂದರು. ಎಮಿಕ್ವಾನ್ ಎಂದು ಕರೆಯುವ ಈ ಜಾಗಕ್ಕೆ 2012ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಭೂಮಿಯ ಮನ್ನಣೆ ದೊರೆಯಿತು.

ಹಾಗೆಂದು ಎಲ್ಲ ತಪ್ಪನ್ನೂ ತಿದ್ದಬಹುದೆಂದು ತಿಳಿಯಬಾರದು. ನಮ್ಮ ದೇಶದ ಕೆರೆಗಳಲ್ಲಿ ಸಾಕುವ ಬೆಳ್ಳಿ ಗೆಂಡೆ ಮೀನನ್ನು 1970ರ ದಶಕದಲ್ಲಿ ಅಮೆರಿಕಕ್ಕೂ ಒಯ್ದರು. ಅದು ಸಾಕಣೆಯ ಕೊಳಗಳಿಂದ ತಪ್ಪಿಸಿಕೊಂಡು ನದಿಗಳನ್ನು ಸೇರಿತು. ಇಲಿನಾಯ್ ನದಿಯಲ್ಲಿ ಅದು ಎಷ್ಟು ಹೆಚ್ಚಿದೆಯೆಂದರೆ ದೋಣಿಯ ಸದ್ದಿಗೆ ಬೆದರಿ ಹಿಂಡುಹಿಂಡಾಗಿ ಮೇಲಕ್ಕೆ ನೆಗೆಯುತ್ತದೆ. ಸ್ಥಳೀಯ ಮೀನುಗಳ ಆಹಾರಕ್ಕೂ ಅದು ಪಾಲುದಾರ. ಆದ್ದರಿಂದ ಎಮಿಕ್ವಾನಿನ ಕೆರೆಯನ್ನು ನದಿಯೊಡನೆ ಮೊದಲಿನಂತೆ ಮುಕ್ತವಾಗಿ ಕೂಡಿಸಲು ಅಂಜಿಕೆ. ಕೆರೆ ಮರಳಿತು, ಕೆರೆಗೂ ನದಿಗೂ ಇದ್ದ ಹಳೆಯ ನಂಟು ಪೂರ್ತಿ ಮರಳಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಕೆರೆಯನ್ನು ಬತ್ತಿಸಲು ಕೆಲವೇ ವರ್ಷ ಸಾಕಾಯಿತು. ಅದನ್ನು ಮರಳಿ ತುಂಬಿಸಲು ಎಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಒಣಗಿದ ಕೆರೆಯಂಗಳವನ್ನು ಕಂಡು 'ಬರಿದೇ ಬಿದ್ದಿರುವ ನೆಲ' ಎಂದು ಹಿರಿಯರು ಯಾರಾದರೂ ಅಂದರೆ, ಅದು ನೀರಿನ ನೆಲವೆಂದು ವಿನಯದಿಂದಲೇ ಹೇಳೋಣ. ಕಳೆದುಕೊಂಡು ಮರಳಿ ಪಡೆಯುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದೇ ಜಾಣತನವಲ್ಲವೆ?