ಒಂದು ತುತ್ತು ಪ್ಯಾನ್‌ಕೇಕ್‌ಗೆ ನರಕವೇ ಅತ್ತಿತು

ಸೂಪರ್‌ಹೀರೋ ಅಂದ್ರೆ ಮೈಗಂಟಿದ ಬಟ್ಟೆ, ಆಕಾಶದಲ್ಲಿ ಹಾರಾಟ, ಕೊನೆಗೊಂದು ಭಾಷಣ ಅಂತಿದ್ರೆ, 'ಹೆಲ್‌ಬಾಯ್' ಕಾಮಿಕ್ಸ್ ಒಮ್ಮೆ ತೆಗೆದು ನೋಡಿ.

ಅಮೆರಿಕದ ಮೈಕ್ ಮಿಗ್ನೋಲಾ ಸೃಷ್ಟಿಸಿದ ಈ ಕೆಂಪು ಆಸಾಮಿ ಹುಟ್ಟಾ ರಾಕ್ಷಸ. ಬಾಲ ಇದೆ, ಬಲಗೈ ಕಲ್ಲಿನದು. ಹಣೆ ಮೇಲೆ ಕೊಂಬಿನ ಮೋಟು ಎರಡು. ಬೆಳೆಯೋಕೆ ಬಿಡದೆ ಉಜ್ಜಿ ಇಟ್ಕೊಂಡಿದ್ದಾನೆ. ಕಥೆ ಪ್ರಕಾರ 1944ರಲ್ಲಿ ನಾಜಿಗಳು ಯುದ್ಧ ಗೆಲ್ಲೋಕೆ ಅಂತ ಮಾಟ ಮಾಡಿಸಿ ಕರೆಸಿದ ಮರಿ ಇದು. ಬಂದು ಬಿದ್ದಿದ್ದು ಮಾತ್ರ ಇಂಗ್ಲೆಂಡಿನ ಪಾಳು ಚರ್ಚಿನಲ್ಲಿ, ಎದುರು ಪಾರ್ಟಿಯ ಕೈಗೆ! ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡಿಪ್ಲಾಯ್ ಆಗಿದ್ದು ಬೇರೆಯವರ ಸರ್ವರ್‌ನಲ್ಲಿ. ಪ್ರೊಫೆಸರ್ ಒಬ್ಬರು ಮಗನ ಹಾಗೆ ಸಾಕ್ತಾರೆ. ದೊಡ್ಡವನಾಗಿ ದೆವ್ವ-ಭೂತಗಳನ್ನ ವಿಚಾರಿಸ್ಕೊಳ್ಳೋ ಇಲಾಖೆಯಲ್ಲಿ ಕೆಲಸಕ್ಕೆ ಸೇರ್ತಾನೆ. ಹೌದು, ನೌಕರಿ. ರಾಕ್ಷಸ ಎದುರು ನಿಂತಾಗಲೂ ಇವನ ಮುಖದಲ್ಲಿ ಇರೋದು ಭಯ ಅಲ್ಲ, ಶುಕ್ರವಾರ ಸಂಜೆ ಆರು ಗಂಟೆಗೆ ಟಿಕೆಟ್ ಬಂದಾಗ ನಮ್ಮ ಮುಖದಲ್ಲಿ ಇರುತ್ತಲ್ಲ, ಅದು.

1999ರಲ್ಲಿ ಬಂದ 'ಪ್ಯಾನ್‌ಕೇಕ್ಸ್' ಬರೀ ಎರಡು ಪುಟದ ಕಥೆ. ಪುಟಾಣಿ ಹೆಲ್‌ಬಾಯ್ ನ್ಯೂ ಮೆಕ್ಸಿಕೋದ ವಾಯುನೆಲೆಯಲ್ಲಿ ತಿಂಡಿಗೆ ಕೂತು, ತಟ್ಟೆಯಲ್ಲಿರೋ ಪ್ಯಾನ್‌ಕೇಕ್ ಬೇಡವೇ ಬೇಡ ಅಂತ ಹಟ ಹಿಡೀತಾನೆ. ದೋಸೆ ಮುಂದೆ ಕೂತ ನಮ್ಮನೆ ಮಕ್ಕಳ ಥರವೇ. ಪಕ್ಕದಲ್ಲಿದ್ದ ಸೇನಾಧಿಕಾರಿ ಪುಸಲಾಯಿಸಿ ಒಂದು ತುತ್ತು ತಿನ್ನಿಸ್ತಾರೆ. ರುಚಿ ಹತ್ತುತ್ತೆ. ಅಷ್ಟೇ, ಅತ್ತ ನರಕದ ರಾಜಧಾನಿಯಲ್ಲಿ ಗೋಳೋ ಅಂತ ಅಳು. ಹುಡುಗ ಪ್ಯಾನ್‌ಕೇಕ್ ತಿಂದುಬಿಟ್ಟ, ಇನ್ನು ವಾಪಸ್ ಬರಲ್ಲ ಅಂತ!

ನಗು ಬರುತ್ತೆ. ಆದರೆ ಇಡೀ ಸರಣಿಯ ಜೀವ ಈ ಎರಡು ಪುಟದಲ್ಲಿದೆ ಅಂತ ನನಗನಿಸುತ್ತೆ. ಯಾಕಂದ್ರೆ ಆ ಕಲ್ಲಿನ ಕೈ ಲೋಕವನ್ನೇ ಮುಗಿಸೋ ಕೀಲಿಕೈ. ಸಿಕ್ಕ ಸಿಕ್ಕ ಪಿಶಾಚಿಯೆಲ್ಲ ನಿನ್ನ ಹಣೆಬರಹವೇ ಇದು, ಕಿರೀಟ ಹಾಕ್ಕೋ ಅಂತ ದುಂಬಾಲು ಬೀಳುತ್ತೆ. ಮತ್ತೆ ಬೆಳೆದ ಕೊಂಬನ್ನ ಇವನು ಕೈಯಾರೆ ಮುರಿದು ಹಾಕ್ತಾನೆ. ಪ್ರಹ್ಲಾದನಿಗಾದ್ರೂ ತಾಯಿ ಹೊಟ್ಟೆಯಲ್ಲೇ ನಾರದರ ಪಾಠ ಆಗಿತ್ತು. ಇವನಿಗೆ ಸಿಕ್ಕಿದ್ದು ಸಾಕಿದವರ ಅಕ್ಕರೆ, ಜೊತೆಗೊಂದು ತಿಂಡಿ.

ಸಿನಿಮಾನೂ ಇದೆ, ಗಿಲೆರ್ಮೊ ಡೆಲ್ ಟೊರೊ 2004 ಮತ್ತು 2008ರಲ್ಲಿ ಮಾಡಿದವು ಚೆನ್ನಾಗಿವೆ. ಆದರೆ ಮಿಗ್ನೋಲಾ ಕಾಗದದ ಮೇಲೆ ಸುರಿಯೋ ಆ ದಟ್ಟ ಕಪ್ಪು ಪರದೆ ಮೇಲೆ ಸಿಗಲ್ಲ.

ಎಲ್ಲಿಂದ ಶುರು ಮಾಡೋದು ಅಂದ್ರೆ, ನನ್ನ ಓಟು 'ದಿ ಕಾರ್ಪ್ಸ್' ಕಥೆಗೆ. ಮೊದಲು ಇದು ಪುಸ್ತಕ ವಿತರಕರ ಕ್ಯಾಟಲಾಗ್‌ನಲ್ಲಿ ಎರಡೆರಡೇ ಪುಟವಾಗಿ ಬಂದಿತ್ತು. ಮೂಲ ಐರ್ಲೆಂಡಿನ ಜನಪದ ಕಥೆ. ಕದ್ದೊಯ್ದ ಮಗು ವಾಪಸ್ ಬೇಕಾದ್ರೆ ಬೆಳಕು ಹರಿಯೋದ್ರೊಳಗೆ ಒಂದು ಹೆಣ ಹೂಳಬೇಕು. ಯಾವ ಸ್ಮಶಾನಕ್ಕೆ ಹೋದ್ರೂ ಜಾಗ ಇಲ್ಲ! ಹೆಗಲ ಮೇಲಿನ ಹೆಣ ಬೇರೆ ಮಾತಾಡುತ್ತೆ. ಬೇತಾಳನ ಕಥೆ ಕೇಳಿ ಬೆಳೆದ ನಮಗೆ ಇದಕ್ಕಿಂತ ಪರಿಚಯದ ಬಾಗಿಲು ಬೇಕಾ?