ನ್ಯಾನೋ ಮದ್ದು: ಬಳ್ಳಾರಿಯ ನಾಲ್ಕು ತಕರಾರುಗಳಿಗೆ ಉತ್ತರ

ಕ್ಯಾನ್ಸರ್ ಔಷಧವನ್ನು ನ್ಯಾನೋ ಕಣಗಳಲ್ಲಿ ತುಂಬಿ ಕೊಡುವ ಚಿಕಿತ್ಸೆ ನಮ್ಮ ಜಿಲ್ಲೆಗೂ ಬರಲಿ ಎಂದರೆ ನಾಲ್ಕು ತಕರಾರು ಏಳುತ್ತವೆ. ಒಂದೊಂದಕ್ಕೂ ಉತ್ತರವಿದೆ.

‘ನ್ಯಾನೋ ಅನ್ನೋದೇ ವ್ಯಾಪಾರದ ಹೆಸರು.’ ಸಿರುಗುಪ್ಪ, ಕುರುಗೋಡಿನ ರೈತರು ಹೀಗೆಂದರೆ ತಪ್ಪಿಲ್ಲ. 45 ಕೆ.ಜಿ. ಯೂರಿಯಾ ಚೀಲಕ್ಕೆ ಅರ್ಧ ಲೀಟರ್ ನ್ಯಾನೋ ಬಾಟಲಿ ಸಮ ಎಂಬ ಮಾತು ಕೇಳಿದವರು ಅವರು. ಆದರೆ ಗೊಬ್ಬರದ ಮೇಲಿನ ಸಿಟ್ಟನ್ನು ಮದ್ದಿನ ತಲೆಗೆ ಕಟ್ಟಬಾರದು. ಕೊಬ್ಬಿನ ಸೂಕ್ಷ್ಮ ಗುಳ್ಳೆಯೊಳಗೆ ಡಾಕ್ಸೊರುಬಿಸಿನ್ ತುಂಬಿದ ಡಾಕ್ಸಿಲ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 1995ರಲ್ಲಿ. ಆಲ್ಬುಮಿನ್ ಪ್ರೋಟೀನಿಗೆ ಪ್ಯಾಕ್ಲಿಟ್ಯಾಕ್ಸೆಲ್ ಬೆಸೆದ ಅಬ್ರಾಕ್ಸೇನ್‌ಗೆ 2005ರಲ್ಲಿ. ನಿನ್ನೆ ಮೊನ್ನೆಯ ಸರಕಲ್ಲ.

‘ನೇರ ಗಡ್ಡೆಗೇ ಹೋಗುತ್ತೆ ಅನ್ನೋದು ಉತ್ಪ್ರೇಕ್ಷೆ.’ ಒಪ್ಪಿದೆ. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು 2016ರಲ್ಲಿ ಒಟ್ಟುಹಾಕಿ ನೋಡಿದಾಗ, ಕೊಟ್ಟ ಕಣಗಳಲ್ಲಿ ಗಡ್ಡೆ ಮುಟ್ಟಿದ್ದು ಶೇ 0.7ರ ಆಸುಪಾಸು. ಲಾಭ ಇರುವುದು ಬೇರೆ ಕಡೆ. ರೋಗಿಗಳು ‘ಕೆಂಪು ಇಂಜೆಕ್ಷನ್’ ಎನ್ನುವ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನೇ ಕೆಡಿಸಬಲ್ಲದು. ಗುಳ್ಳೆಯೊಳಗಿದ್ದರೆ ಹೃದಯದ ರಕ್ತನಾಳಗಳಿಂದ ಅಷ್ಟು ಸುಲಭವಾಗಿ ಹೊರಬರದು. ಅಂಗೈ, ಅಂಗಾಲು ಕೆಂಪೇರಿ ಸುಲಿಯಬಹುದು. ಹೃದಯಕ್ಕೆ ಬೀಳುವ ಪೆಟ್ಟು ಮಾತ್ರ ಕಡಿಮೆ.

‘ಇದು ಸಿರಿವಂತರ ಮದ್ದು.’ 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಸಿಗದಾದಾಗ ಅಲ್ಲಿಗೆ ಹೋದದ್ದು ಭಾರತದ ಸನ್ ಫಾರ್ಮಾದ ಲಿಪೊಡಾಕ್ಸ್. ನಮ್ಮಲ್ಲೇ ತಯಾರಾಗುವುದನ್ನು ಸರ್ಕಾರ ಸಗಟಾಗಿ ಕೊಂಡರೆ ಬೆಲೆ ಇಳಿಸಲು ದಾರಿಯಿದೆ. ಇನ್ನು ಹೊತ್ತಿನ ಲೆಕ್ಕ: ಹಳೆಯ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಸಾಮಾನ್ಯವಾಗಿ ಮೂರು ಗಂಟೆ ಡ್ರಿಪ್, ಅಲರ್ಜಿ ಆಗದಿರಲೆಂದು ಮೊದಲೇ ಸ್ಟೀರಾಯ್ಡ್. ಆಲ್ಬುಮಿನ್ ಕಣದ್ದಾದರೆ ಅರ್ಧ ಗಂಟೆ. ಸಂಜೆ ಬಸ್ಸಿಗೆ ಸಿರುಗುಪ್ಪ ಸೇರಬೇಕಾದ ಹೆಣ್ಣುಮಗಳಿಗೆ ಇದು ಸಣ್ಣ ಮಾತಲ್ಲ.

‘ಡ್ರಿಪ್ಪನ್ನೇ ನಂಬೋಕಾಗಲ್ಲ, ಇನ್ನು ಇದನ್ನ?’ ನಾಲ್ಕರಲ್ಲಿ ತೂಕದ ಮಾತು ಇದೇ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಎದ್ದಿತ್ತು. ಲಿಪೊಸೋಮ್ ಮದ್ದಿಗೆ ಇನ್ನೂ ಹೆಚ್ಚು ಜೋಪಾನ ಬೇಕು: 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಬಾರದು, ಮಾಮೂಲಿ ಡಾಕ್ಸೊರುಬಿಸಿನ್‌ನ ಡೋಸ್ ಲೆಕ್ಕದಲ್ಲಿ ಇದನ್ನು ಕೊಡಲೇಬಾರದು. ಈ ಬಳ್ಳಾರಿ ಬಿಸಿಲಲ್ಲಿ ತಂಪಿನ ಸರಪಳಿ ಎಲ್ಲಿ ಕಡಿದರೂ ಕಷ್ಟ. ಹಾಗಾಗಿ ಮದ್ದು ಬೇಡ ಎಂದು ಕೂರುವ ಬದಲು ಪ್ರತಿ ಬ್ಯಾಚಿನ ಪರೀಕ್ಷಾ ವರದಿಯನ್ನೂ ಫ್ರಿಜ್ಜಿನ ತಾಪಮಾನದ ದಾಖಲೆಯನ್ನೂ ಜನರಿಗೆ ತೋರಿಸಿ ಎಂದು ಜಿಲ್ಲಾಡಳಿತವನ್ನು ಒತ್ತಾಯಿಸೋಣ.