ಬೊಗಳುವ ನಾಯಿಗೊಂದು ನೋಟಿಸು

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೋಟಿಸ್ ಬೋರ್ಡಿನಲ್ಲಿ ಎರಡು ಸೂಚನೆಗಳು ಅಕ್ಕಪಕ್ಕ ಅಂಟಿಕೊಂಡಿರುವುದುಂಟು. ಸಾಕುನಾಯಿಗಳನ್ನು ಹುಲ್ಲುಹಾಸಿಗೆ, ವಾಕಿಂಗ್ ಹಾದಿಗೆ ತರಕೂಡದು ಎನ್ನುವುದು ಒಂದು. ನಾಯಿ ಬೊಗಳಿ ನೆರೆಯವರಿಗೆ ಕಿರಿಕಿರಿಯಾದರೆ ಸಾಕಿದವರೇ ಹೊಣೆ ಎನ್ನುವುದು ಇನ್ನೊಂದು. ಮೊದಲನೆಯದರಿಂದಲೇ ಎರಡನೆಯದು ಹುಟ್ಟಬಹುದೆಂದು ಸಹಿ ಹಾಕಿದ ಕಾರ್ಯದರ್ಶಿಗಳಿಗೆ ಹೊಳೆದಂತಿಲ್ಲ.

ಹಾಗೆಂದು ಅಸೋಸಿಯೇಷನ್ನುಗಳನ್ನಷ್ಟೇ ದೂರಿ ಫಲವಿಲ್ಲ. ನಾಯಿ ಸಾಕಿದ ಮನೆಗಳಲ್ಲಿ ‘ವಾಕಿಂಗ್’ ಹೇಗೆ ನಡೆಯುತ್ತದೆ ನೋಡಿ. ಯಜಮಾನರು ಒಂದು ಕೈಯಲ್ಲಿ ಬೆಲ್ಟು, ಇನ್ನೊಂದರಲ್ಲಿ ಮೊಬೈಲು ಹಿಡಿದು ಕೆಳಗಿಳಿಯುತ್ತಾರೆ. ನಾಯಿ ಗೇಟಿನಾಚೆಯ ಲೈಟು ಕಂಬಕ್ಕೆ ಮೂಗು ತಾಗಿಸಿದರೆ ಕತ್ತು ಜಗ್ಗುತ್ತಾರೆ. ಅದು ಕಾಲೆತ್ತಿದ್ದೇ ತಡ, ಲಿಫ್ಟಿನತ್ತ ವಾಪಸು. ಶೌಚಕ್ಕೆ ಹೋಗಿಬಂದದ್ದಾಯಿತು, ಅಷ್ಟೆ. ಆಮೇಲೆ ಸಂಜೆಯವರೆಗೆ ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿ ಬಿದ್ದಿರುವ ಪ್ರಾಣಿ ಸೋಫಾ ಹರಿದು ಹತ್ತಿ ಚೆಲ್ಲಿದರೆ, ಬಾಗಿಲಿನ ಬಣ್ಣ ಪರಚಿದರೆ, ನಮ್ಮ ಬಾಯಲ್ಲಿ ಅದು ಹಠಮಾರಿ.

ಲ್ಯಾಬ್ರಡಾರ್ ತಳಿ ಬೇಟೆಯಲ್ಲಿ ಉರುಳಿದ ಹಕ್ಕಿಯನ್ನು ನೀರಿಗಿಳಿದು ಕಚ್ಚಿ ತರಲು ರೂಪುಗೊಂಡದ್ದು, ಹಸ್ಕಿ ಸೈಬೀರಿಯದ ಹಿಮದಲ್ಲಿ ಜಾರುಬಂಡಿ ಎಳೆಯಲು. ನಮ್ಮದೇ ಮುಧೋಳ ನಾಯಿ ಬಯಲಿನಲ್ಲಿ ಮೊಲದ ಬೆನ್ನಟ್ಟಿ ಬೆಳೆದದ್ದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಗೌರವ ಅದಕ್ಕಿದೆ. ಬಾಲ್ಕನಿಯ ಸರಳುಗಳ ನಡುವೆ ಮೂತಿ ತೂರಿಸಿ ದಿನ ಕಳೆಯುವ ಜಾಯಮಾನ ಅದರದಲ್ಲ.

ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು 3,000ಕ್ಕೂ ಹೆಚ್ಚು ಸಾಕುನಾಯಿಗಳ ವಿವರವನ್ನು ಅವುಗಳ ಮಾಲೀಕರಿಂದ ಪಡೆದು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂಟಿಯಾಗಿ ಬಿಟ್ಟಾಗ ಕಂಗೆಡುವ, ಪಟಾಕಿ ಗುಡುಗಿನಂಥ ಸದ್ದಿಗೆ ನಡುಗುವ ನಾಯಿಗಳಿಗೆ ದಿನನಿತ್ಯದ ವ್ಯಾಯಾಮ ಕಡಿಮೆಯಿದ್ದುದು ಅದರಲ್ಲಿ ಕಂಡುಬಂತು. ನಂಟು ಕಂಡಿತೆಂದರೆ ಕಾರಣ ಸಿಕ್ಕಿತೆಂದಲ್ಲ, ನಿಜ. ಬೆದರುವ ನಾಯಿಯನ್ನು ಹೊರಗೆ ಕರೆದೊಯ್ಯಲು ಸಾಕಿದವರೇ ಹಿಂಜರಿದಿರಬಹುದು. ಆದರೂ ಔಷಧಿ, ತರಬೇತುದಾರ, ಕೊನೆಗೆ ‘ಯಾರಿಗಾದರೂ ಕೊಟ್ಟುಬಿಡೋಣ’ ಎನ್ನುವ ಹಂತಕ್ಕೆ ಹೋಗುವ ಮುನ್ನ ಕಾಸು ಖರ್ಚಿಲ್ಲದ ವ್ಯಾಯಾಮದ ದಾರಿಯನ್ನು ತಿಂಗಳುಗಟ್ಟಲೆ ನೆಟ್ಟಗೆ ಪರೀಕ್ಷಿಸಿದವರು ಎಷ್ಟು ಜನ?

ಓಡಿಸಿ ಸುಸ್ತು ಮಾಡಿದರೆ ಸಾಕೆಂದುಕೊಳ್ಳುವುದೂ ತಪ್ಪು. ನಾಯಿಗಳ ವರ್ತನೆಯ ಸಂಶೋಧಕಿಯರಾದ ಷಾರ್ಲಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ 2019ರಲ್ಲಿ ಪ್ರಕಟಿಸಿದ ಪುಟ್ಟ ಪ್ರಯೋಗವೊಂದರಲ್ಲಿ ಕೆಲವು ನಾಯಿಗಳಿಗೆ ಎರಡು ವಾರ ವಾಸನೆ ಹಿಡಿದು ತಿನಿಸು ಹುಡುಕುವ ಅಭ್ಯಾಸ ಕೊಟ್ಟರು, ಉಳಿದವಕ್ಕೆ ಯಜಮಾನರ ಕಾಲಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ. ಬಳಿಕ, ತಿನಿಸಿದೆಯೋ ಇಲ್ಲವೋ ಗೊತ್ತಾಗದ ಬಟ್ಟಲನ್ನು ಮುಂದಿಟ್ಟಾಗ, ಮೂಸುವ ಅಭ್ಯಾಸದ ನಾಯಿಗಳು ಮೊದಲಿಗಿಂತ ಬೇಗ ಅದರತ್ತ ನಡೆದವು. ಸಿಕ್ಕೀತೆಂಬ ಭರವಸೆ ಅವಕ್ಕೆ ಹೆಚ್ಚಿತ್ತು. ಲೈಟು ಕಂಬದ ಬಳಿ ಕತ್ತು ಜಗ್ಗುವವರು ಇದನ್ನು ಗಮನಿಸಬೇಕು.

ವ್ಯಾಯಾಮ ಎಲ್ಲಕ್ಕೂ ಮದ್ದಲ್ಲ. ಇಷ್ಟು ದಿನ ಸೌಮ್ಯವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಮುಟ್ಟಿದರೆ ಗುರ್ರೆಂದರೆ ಮೊದಲು ಪಶುವೈದ್ಯರಿಗೆ ತೋರಿಸಿ, ಕೀಲಿನಲ್ಲೋ ಹಲ್ಲಿನಲ್ಲೋ ನೋವಿರಬಹುದು. ಚಪ್ಪಟೆ ಮೂತಿಯ ಪಗ್ ಬಿಸಿಲಿನಲ್ಲಿ ಓಡಿದರೆ ಉಸಿರಿಗೇ ಕುತ್ತು. ಏಪ್ರಿಲ್ ಮಧ್ಯಾಹ್ನದ ಡಾಂಬರು ಯಾವ ತಳಿಯ ಪಾದವನ್ನೂ ಸುಡುತ್ತದೆ.

ಸರ್ಕಾರದ ಗಮನ ಮಾತ್ರ ಬೇರೆಡೆಗಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ 23 ತಳಿಗಳನ್ನು ಅಪಾಯಕಾರಿಯೆಂದು ಪಟ್ಟಿಮಾಡಿ ಸುತ್ತೋಲೆ ಹೊರಡಿಸಿತು; ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ತಳಿಯ ಹೆಸರು ಬರೆದು ನಿಷೇಧಿಸುವುದು ಸುಲಭ. ಆ ನಾಯಿ ದಿನಕ್ಕೆ ಎಷ್ಟು ಹೊತ್ತು ಸರಪಳಿಯಲ್ಲಿರುತ್ತದೆ, ಎಷ್ಟು ಹೊತ್ತು ಹೊರಗಿರುತ್ತದೆ ಎಂದು ಕೇಳುವ ಕಾಲಂ ಯಾವ ಪಟ್ಟಿಯಲ್ಲೂ ಇಲ್ಲ. ಜರ್ಮನಿ 2001ರಿಂದಲೇ ನಾಯಿಗೆ ಬಯಲಲ್ಲಿ ಸಾಕಷ್ಟು ಓಡಾಟ ಸಿಗಬೇಕೆಂದು ನಿಯಮದಲ್ಲೇ ಬರೆದಿದೆ.

ನಮ್ಮಲ್ಲಿ ಕಾನೂನಿಗೆ ಕಾಯಬೇಕಿಲ್ಲ. ಬೆಳಿಗ್ಗೆ ಆರರಿಂದ ಏಳರವರೆಗೆ ಆವರಣದ ಒಂದು ಮೂಲೆಯನ್ನು ನಾಯಿಗಳಿಗೆ ಬಿಟ್ಟುಕೊಡಲು ಅಸೋಸಿಯೇಷನ್ನಿನ ಒಂದು ಠರಾವು ಸಾಕು. ಹೇಸಿಗೆ ಎತ್ತಲು ಚೀಲ ತರದವರಿಗೆ ದಂಡ ಹಾಕಲಿ, ಬೆಲ್ಟಿಲ್ಲದೆ ತಂದವರನ್ನು ಹೊರಗೆ ಕಳಿಸಲಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಬೊಗಳುವಿಕೆಯ ದೂರು ಬಂದಾಗ ಈ ಠರಾವನ್ನೂ ಅದೇ ಕಾರ್ಯಸೂಚಿಗೆ ಸೇರಿಸಲಿ.